ಮೂವತ್ತೊಂದು ಬಾಗಿಲ ಮುದ್ರೆ

ಸ್ಟೂಲು ಹತ್ತಿ ನಿಂತ ಸುಭದ್ರಮ್ಮ ಬಾಗಿಲವಾಡದ ಮೇಲ್ಪಟ್ಟಿಗೆ ಉಳಿ ಇಟ್ಟಳು. ಇಟ್ಟವಳು ಹೊಡೆಯದೆ ಹಾಗೇ ತಿರುಗಿ ರಸ್ತೆ ನೋಡಿದಳು. ಜೀಪಿಲ್ಲ. ಫಾರೆಸ್ಟಿನ ಜೀಪು ಬರುವುದು ಗುರುವಾರ, ಇವತ್ತಿನ್ನೂ ಮಂಗಳವಾರ ಅಂತ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೆಳಗಿನಿಂದ ಹದಿನೈದು ಸಲ ನೋಡಿಯಾಗಿತ್ತು. ಕೆಳಗೆ ಸ್ಟೂಲಿನ ಕಾಲು ಹಿಡಿದುಕೊಂಡಿದ್ದ ಗಂಡ ಏಕಾಂತಪ್ಪ, "ಹೊಡೆಯೋದಾದ್ರೆ ಹೊಡಿ, ಇಲ್ಲಾಂದ್ರೆ ಇಳಿ ಮಾರಾಯ್ತಿ" ಅಂದ. ನೀವೇ ಹತ್ತಿ ಹೊಡೀರಿ ಅಂತ ಅವಳು ರೇಗಿದಳು. ಏಕಾಂತಪ್ಪ ಸ್ಟೂಲಿನ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಅಲ್ಲಿದ್ದದ್ದು ಅವನ ಅಪ್ಪ ತನ್ನ ಕೈಯಾರೆ ಹೊಡೆದ ಮುದ್ರೆ. ಅದರ ಮೇಲೆ ಉಳಿ ಇಡುವ ಧೈರ್ಯ ಅವನಿಗಿರಲಿಲ್ಲ, ಇಡಬೇಡ ಅನ್ನುವ ಧೈರ್ಯವೂ ಇರಲಿಲ್ಲ.

ಮುದ್ರೆ ಅಂದರೆ ದೊಡ್ಡದೇನಲ್ಲ. ಒಂದು ರೂಪಾಯಿ ಬಿಲ್ಲೆಯಷ್ಟಗಲದ ಉಂಗುರ, ಒಳಗೊಂದು ತ್ರಿಶೂಲ. ಅರವತ್ತು ವರ್ಷದ ವಿಭೂತಿ ಕುಂಕುಮ ಕೂತು ಕೂತು ಗುರುತು ಅರ್ಧ ತುಂಬಿಹೋಗಿತ್ತು. ಸುಭದ್ರಮ್ಮ ಈ ಮನೆಗೆ ಸೊಸೆಯಾಗಿ ಬಂದ ದಿನ ಹೊಸ್ತಿಲು ದಾಟುವ ಮುಂಚೆ ಅತ್ತೆ ಅವಳ ಕೈ ಹಿಡಿದು ಮೊದಲು ಮುಟ್ಟಿಸಿದ್ದು ಇದನ್ನೇ. ಅವಳಿಗೆ ಎಟುಕದೆ ಮಣೆ ತಂದು ಹಾಕಿದ್ದರು. ಈಗ ಅದೇ ಕೈಯಲ್ಲಿ ಉಳಿ. ಶಿವನೇ, ನನ್ನ ಕೈ ಬಿದ್ದುಹೋಗದಿರಲಿ ಅಂತ ಬೇಡಿಕೊಂಡು ಕಣ್ಣು ಮುಚ್ಚಿ ಮೊದಲ ಏಟು ಹಾಕಿದಳು.

ಊರಿಗೆ ಮಿಲ್ ಕ್ಯಾಂಪು ಅಂತ ಹೆಸರು. ಭದ್ರಾವತಿಯಿಂದ ಹೊರಟ ಬಸ್ಸು ಶಂಕರಘಟ್ಟದಲ್ಲಿ ಯೂನಿವರ್ಸಿಟಿಯ ಹುಡುಗರನ್ನೆಲ್ಲ ಇಳಿಸಿ, ಖಾಲಿಯಾಗಿ ಗಡಗಡ ಸದ್ದು ಮಾಡುತ್ತಾ ಕಾಡಿನ ಅಂಚಿಗೆ ಬಂದು ನಿಲ್ಲುತ್ತದಲ್ಲ, ಅದೇ. ಮಹಾರಾಜರ ಕಾಲದಲ್ಲಿ ಒಂದು ಮರದ ಕಂಪನಿ ಬಂದು ಇಲ್ಲಿ ಗರಗಸದ ಮಿಲ್ಲು ಹಾಕಿತು. ತೇಗ, ಬೀಟೆ, ಮತ್ತಿ ಕಡಿಸಿ ಟ್ರಾಲಿ ಮೇಲೆ ಭದ್ರಾವತಿಗೆ ಸಾಗಿಸಿತು. ಎಷ್ಟೋ ವರ್ಷ ಕಳೆದು ಕೆಲಸದವರಿಗೆ ಅಂತ ಮೂವತ್ತೊಂದು ಮನೆ ಕಟ್ಟಿಸಿಕೊಟ್ಟಿತು. ಆಮೇಲೆ ಕಡಿಯುವ ಮರ ಮುಗಿಯಿತು, ಕಂಪನಿ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಮನೆ ಉಳಿಯಿತು, ಜನ ಉಳಿದರು. ನೆಲ ಮಾತ್ರ ಕಾಡಿನ ಲೆಕ್ಕಕ್ಕೆ ವಾಪಸು ಸೇರಿತ್ತು. ಅದನ್ನು ಇವರಿಗೆ ಯಾರೂ ಬಂದು ಹೇಳಿರಲಿಲ್ಲ, ಇವರೂ ಕೇಳಲು ಹೋಗಿರಲಿಲ್ಲ.

ಆ ಕಾಲದಲ್ಲಿ ಕಂಪನಿಯ ಗೇಟು ದಾಟುವ ಒಂದೊಂದು ದಿಮ್ಮಿಗೂ ಮುದ್ರೆ ಬೇಕಿತ್ತು. ಮುದ್ರೆ ಇಲ್ಲದ ಮರ ಕದ್ದ ಮರ. ಸುಭದ್ರಮ್ಮನ ಮಾವ ಮೂರ್ತಪ್ಪ ಆ ಮುದ್ರೆ ಹೊಡೆಯುವ ಕೆಲಸದವನು. ಕೊಡತಿಯಷ್ಟು ಭಾರದ ಕಬ್ಬಿಣದ ಸುತ್ತಿಗೆ, ಅದರ ಮುಖದಲ್ಲಿ ಉಂಗುರ, ತ್ರಿಶೂಲ. ಮನೆ ಕಟ್ಟಿದಾಗ ಒಂದೊಂದು ಬಾಗಿಲಿಗೂ ಅವನೇ ಒಂದೊಂದು ಏಟು ಹಾಕಿದ, ಇದು ಕಂಪನಿ ಕೊಟ್ಟ ಮರ, ಯಾರೂ ಮುಟ್ಟಬೇಡಿ ಅಂತ. ಕಂಪನಿ ಹೋದ ಮೇಲೂ ಸುತ್ತಿಗೆ ಅವನ ಮನೆಯಲ್ಲೇ ಉಳಿಯಿತು. ಯಾರ ಬಾಗಿಲಿಗಾದರೂ ಗೆದ್ದಲು ಹಿಡಿದು ಹೊಸದು ಹಾಕಿಸಿದರೆ ಸುತ್ತಿಗೆಗೆ ಪೂಜೆ ಮಾಡಿ ಕರೆದುಕೊಂಡು ಹೋಗುತ್ತಿದ್ದರು. ಹೌದು, ಮನೆಗೆ ನೆಂಟರನ್ನು ಕರೆದ ಹಾಗೆ ಕರೆದೇ ಹೋಗುತ್ತಿದ್ದರು. ಮುದ್ರೆ ಬೀಳದ ಬಾಗಿಲಲ್ಲಿ ಆ ಕ್ಯಾಂಪಿನವರು ಮಲಗುತ್ತಿರಲಿಲ್ಲ. ಮಾವ ಹೋದ ಮೇಲೆ ಆ ಕೆಲಸ ಸುಭದ್ರಮ್ಮನ ಕೈಗೆ ಬಂತು, ಏಕಾಂತಪ್ಪನಿಗೆ ಭದ್ರಾವತಿ ಕಾರ್ಖಾನೆಯ ಶಿಫ್ಟು ತಪ್ಪಿಸಲು ಆಗುತ್ತಿರಲಿಲ್ಲವಲ್ಲ. ಐದು ಬಾಗಿಲಿಗೆ ಅವಳು ಹೊಡೆದಿದ್ದಳು. ಕೊನೆಯದ್ದು ಹೋದ ವರ್ಷ. ಮರ ಭದ್ರಾವತಿಯ ಅಂಗಡಿಯಲ್ಲಿ ರಸೀದಿ ಸಮೇತ ಕೊಂಡದ್ದು. ಕೊಂಡ ಮರಕ್ಕೆ ಕಂಪನಿಯ ಮುದ್ರೆ ಹೊಡೆಯುವುದು ತಪ್ಪಾದೀತು ಅಂತ ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಹೊಳೆದದ್ದು ಕಳೆದ ಭಾನುವಾರ. ಅವತ್ತು ಫಾರೆಸ್ಟ್ ಗಾರ್ಡು ಬಂದು ಅಂಗನವಾಡಿ ಗೋಡೆಗೆ ಒಂದು ಕಾಗದ ಅಂಟಿಸಿ ಹೋದ. ಅರಣ್ಯ ಭೂಮಿಯಲ್ಲಿರುವ ಮನೆಗಳ ಜಂಟಿ ತಪಾಸಣೆ ಗುರುವಾರ ನಡೆಯುವುದು, ನಿವಾಸಿಗಳೆಲ್ಲ ಹಾಜರಿರತಕ್ಕದ್ದು. ಅಷ್ಟೇ ಇದ್ದದ್ದು. ಇನ್ನೆರಡು ಸಾಲು ಬರೆದಿದ್ದರೆ ಇಷ್ಟೆಲ್ಲ ಆಗುತ್ತಿತ್ತೋ ಇಲ್ಲವೋ. ಅದೇ ಹೊತ್ತಿಗೆ ಬಸ್‌ಸ್ಟಾಪಿನ ಹೋಟೆಲಿನ ಪುಟ್ಟಣ್ಣ ಶಿವಮೊಗ್ಗದಿಂದ ಸಾಮಾನು ತಂದು ಇಳಿದ, ಸಾಮಾನಿನ ಜೊತೆ ಸುದ್ದಿಯನ್ನೂ ಇಳಿಸಿದ. ಲಕ್ಕವಳ್ಳಿ ಕಡೆ ಯಾರದೋ ಮನೆಯಲ್ಲಿ ಮರಕ್ಕೆ ಮುದ್ರೆ ಹೊಡೆಯುವ ಸುತ್ತಿಗೆ ಸಿಕ್ಕಿತಂತೆ, ಕಳ್ಳ ದಿಮ್ಮಿಗೆ ಹೊಡೆದು ಸಾಗಿಸುತ್ತಿದ್ದನಂತೆ, ಮೂರು ತಿಂಗಳಾದರೂ ಜಾಮೀನಿಲ್ಲವಂತೆ. ಮುದ್ರೆ ಅನ್ನುವ ಮಾತು ಬಿದ್ದದ್ದೇ ತಡ, ಅಲ್ಲಿದ್ದವರೆಲ್ಲ ತಿರುಗಿ ಸುಭದ್ರಮ್ಮನ ಮುಖ ನೋಡಿದರು.

ಸಂಜೆ ಅವಳ ಮನೆಯ ಜಗಲಿಯ ಮೇಲೆಯೇ ಸಭೆ ಸೇರಿತು. ಮಾತಾಡಿದ್ದು ಬಹಳ, ತಿಳಿದದ್ದು ಕಡಿಮೆ. ಮುದ್ರೆ ಕಂಡರೆ ಇಡೀ ಕ್ಯಾಂಪೇ ಮರಗಳ್ಳರದ್ದು ಅಂತ ಬರೆದುಕೊಳ್ಳುತ್ತಾರೆ, ಅದೇ ನೆಪದಲ್ಲಿ ಒಕ್ಕಲೆಬ್ಬಿಸುತ್ತಾರೆ ಅಂತ ಒಬ್ಬ ಅಂದ. ಅದೇ ಮಾತು ಮೂರು ಬಾಯಿ ಸುತ್ತಿ ಬರುವಷ್ಟರಲ್ಲಿ ಬುಲ್ಡೋಜರು ಭದ್ರಾವತಿ ಬಿಟ್ಟಿದೆ ಅನ್ನುವಲ್ಲಿಗೆ ಹೋಗಿತ್ತು. ಮಿಲ್ಲಿನಲ್ಲಿ ದುಡಿದವರ ಪೈಕಿ ಬದುಕಿ ಉಳಿದಿದ್ದ ನಾಗಯ್ಯಜ್ಜ ಒಬ್ಬನೇ, ಬಂದವರು ಏನು ಕೇಳುತ್ತಾರೋ ನೋಡೋಣ ತಡೀರೋ ಅಂದ. ಎಂಬತ್ತು ವರ್ಷದ ಕಿವುಡನ ಮಾತು ಯಾರು ಕೇಳುತ್ತಾರೆ. ಕೊನೆಗೆ ಸುಭದ್ರಮ್ಮನೇ ಹೇಳಿದಳು. ಎಲ್ಲರೂ ಮುದ್ರೆ ಕೆತ್ತಿ ಹಾಕೋಣ, ಯಾರು ಕೇಳಿದರೂ ಇರಲೇ ಇಲ್ಲ ಅನ್ನೋಣ. ಸುತ್ತಿಗೆಯ ಮನೆಯವಳೇ ಹಾಗೆ ಹೇಳಿದ ಮೇಲೆ ಇನ್ನಾರಿಗೆ ಎದುರು ಮಾತು? ಎಲ್ಲರೂ ಎದ್ದು ಹೋದರು.

ಸುತ್ತಿಗೆಯನ್ನು ಚಾನಲ್ಲಿನ ನೀರಿಗೆ ಎಸೆದು ಬರುತ್ತೀನಿ ಅಂತ ಏಕಾಂತಪ್ಪ ಚೀಲಕ್ಕೆ ಹಾಕಿಕೊಂಡಿದ್ದ. ಸುಭದ್ರಮ್ಮ ಬಿಡಲಿಲ್ಲ. ಧೈರ್ಯದಿಂದಲ್ಲ, ಅದೂ ಹೆದರಿಕೆಯೇ. ಸಾಯುವ ಮುಂಚೆ ಅತ್ತೆ ಅದನ್ನು ಅವಳ ಮಡಿಲಿಗೆ ಹಾಕಿದ್ದರು. ಸರ್ಕಾರಕ್ಕೂ ಹೆದರಿ, ಸತ್ತ ಅತ್ತೆಗೂ ಹೆದರಿ, ಕೊನೆಗೆ ಗೋಣಿಯಲ್ಲಿ ಸುತ್ತಿ ಹಿತ್ತಲ ತಿಪ್ಪೆಯೊಳಗೆ ಮೊಣಕೈವರೆಗೆ ಕೈ ಹಾಕಿ ಹೂತಳು. ದೇವರಂಥದ್ದನ್ನು ತಿಪ್ಪೆಗೆ ಹಾಕಿದೆನಲ್ಲ ಅಂತ ಅಳು ಬಂತು.

ಮಂಗಳವಾರ ಇಡೀ ಕ್ಯಾಂಪಿನಲ್ಲಿ ಟಕ ಟಕ ಟಕ. ಮಿಲ್ಲು ನಿಂತ ಮೇಲೆ ಅಷ್ಟು ಸದ್ದು ಆ ಊರಿನಲ್ಲಿ ಎದ್ದದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಬಾಗಿಲೂ ನುಣ್ಣಗಾದವು. ಆದರೆ ಕಪ್ಪು ಹಿಡಿದ ಹಳೇ ಮರದಲ್ಲಿ ಕೆತ್ತಿದ ಜಾಗ ಮಾತ್ರ ಬೆಳ್ಳಗೆ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ಇದಕ್ಕಿಂತ ಮುದ್ರೆಯೇ ಮೇಲಿತ್ತಲ್ಲ ಅಂತ ಸುಭದ್ರಮ್ಮನಿಗೆ ಅನ್ನಿಸಿತು.

ಬುಧವಾರ ಬೆಳಗ್ಗೆ ಅವಳು ಒಲೆಯ ಮಸಿಯನ್ನು ನೀರಲ್ಲಿ ಕಲಸಿ, ಬಟ್ಟೆ ಅದ್ದಿ ಆ ಬಿಳಿ ಜಾಗಕ್ಕೆ ಚೆನ್ನಾಗಿ ಒರೆಸಿದಳು. ಬಣ್ಣ ಹೊಂದಿಕೊಂಡಿತು. ಸದ್ಯ ಅಂದುಕೊಂಡು ಕಾಫಿ ಕುಡಿಯಲು ಒಳಗೆ ಹೋದಳು. ಲೋಟ ತೊಳೆದ ನೀರು ಚೆಲ್ಲಲು ಹೊರಗೆ ಬಂದವಳು ತಲೆಯೆತ್ತಿದರೆ, ಕೆತ್ತಿದ ಜಾಗದಲ್ಲಿ ಮುದ್ರೆ ಎದ್ದು ನಿಂತಿತ್ತು. ಮೊದಲಿನ ಹಾಗೆ ಒಳಗಿಳಿದ ಗುರುತಲ್ಲ. ಮರದಿಂದ ಹೊರಕ್ಕೆ ಉಬ್ಬಿಕೊಂಡು ಉಂಗುರ, ಉಂಗುರದೊಳಗೆ ತ್ರಿಶೂಲ. ಸುಭದ್ರಮ್ಮನ ಕೈಯಿಂದ ಲೋಟ ಬಿತ್ತು. ಅಂಗಳದಲ್ಲೇ ಕೂತುಬಿಟ್ಟಳು. ತಪ್ಪಾಯ್ತು ತಂದೆ, ತಪ್ಪಾಯ್ತು ಅಂತ ಕೆನ್ನೆ ಕೆನ್ನೆ ಬಡಿದುಕೊಂಡಳು. ಎದುರು ಮನೆಯಲ್ಲೂ ಒಬ್ಬಳು ಚೀರಿದ್ದು ಕೇಳಿಸಿತು. ಮಸಿನೀರು ಒರೆಸುವ ಉಪಾಯ ಅವಳೊಬ್ಬಳಿಗೇ ಹೊಳೆದದ್ದಲ್ಲವಲ್ಲ.

ನಾಗಯ್ಯಜ್ಜನನ್ನು ಕರೆದುಕೊಂಡು ಬಂದರು. ಅಜ್ಜ ಬೆರಳಲ್ಲಿ ಸವರಿ ನೋಡಿ ನಕ್ಕುಬಿಟ್ಟ. ಆ ಹೊತ್ತಿನಲ್ಲಿ ನಗುವ ಅವನನ್ನು ಹೊಡೆಯಬೇಕು ಅನ್ನಿಸಿತು ಎಲ್ಲರಿಗೂ. ಸುತ್ತಿಗೆ ಏಟು ಮರದ ಒಳಗಿನವರೆಗೂ ಅಮುಕಿರುತ್ತೆ, ಮೇಲೆ ಕೆತ್ತಿ ನೀರು ಕುಡಿಸಿದರೆ ಅಮುಕಿದ್ದು ಉಬ್ಬಿ ಬರುತ್ತೆ, ಮಿಲ್ಲಿನಲ್ಲಿ ಕಳ್ಳ ಮರ ಹಿಡಿಯುತ್ತಿದ್ದದ್ದೇ ಹೀಗೆ ಅಂತ ವಿವರಿಸಿದ. ದೇವರ ಕೋಪ ಅಲ್ಲವಂತೆ ಅಂತ ಗೊತ್ತಾದ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ದಿಗಿಲು ಹೆಚ್ಚಾಯಿತು. ಒದ್ದೆ ಬಟ್ಟೆಗೇ ಎದ್ದು ಬರುವುದಾದರೆ ಫಾರೆಸ್ಟಿನವರಿಗೆ ಇದು ತಿಳಿಯದೆ ಇರುತ್ತದೆಯೇ? ಮತ್ತೆ ಉಳಿ, ಬಾಚಿ ಹೊರಬಂದವು. ಈ ಸಲ ಹೆರೆಯಲಿಲ್ಲ, ತೋಡಿದರು. ಸಂಜೆಗೆ ಒಂದೊಂದು ಬಾಗಿಲ ನೆತ್ತಿಯಲ್ಲೂ ಬೊಗಸೆಯಗಲದ ಒಂದೊಂದು ಗುಂಡಿ. ಗೆದ್ದಲು ಹಿಡಿದಿತ್ತು, ಕೆತ್ತಿಸಿದ್ವಿ ಅಂತ ಹೇಳಬೇಕು ಅಂತ ಮನೆಮನೆಗೂ ಹೇಳಿಕೊಂಡು ಬಂದವಳೂ ಸುಭದ್ರಮ್ಮನೇ.

ಗುರುವಾರ ಹನ್ನೊಂದಕ್ಕೆ ಜೀಪು ಬಂತು. ರೇಂಜರ್ ಸಾಹೇಬರು, ಇಬ್ಬರು ಗಾರ್ಡುಗಳು, ಜೊತೆಗೆ ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡ ಸಣ್ಣ ವಯಸ್ಸಿನ ಸರ್ವೆಯರು. ಜನಾರ್ದನ ಅಂತ ಹೆಸರು ಹೇಳಿಕೊಂಡು, ಶಿವಮೊಗ್ಗದ ನವುಲೆಯವನು ಅಂದ. ಒಂದನೇ ಮನೆಯ ಮುಂದೆ ನಿಂತು ಹೆಸರು ಬರೆದುಕೊಂಡ, ತಲೆಯೆತ್ತಿ ಬಾಗಿಲು ನೋಡಿದ. ಇಲ್ಲಿ ಕಂಪನಿ ಮುದ್ರೆ ಇತ್ತಾ ಅಂತ ಕೇಳಿದ. ಇರಲಿಲ್ಲ ಸ್ವಾಮಿ, ಗೆದ್ದಲು, ಅಂತ ಉತ್ತರ ಬಂತು. ಎರಡನೇ ಮನೆಯಲ್ಲೂ ಗೆದ್ದಲು. ಮೂರನೆಯದರಲ್ಲೂ ಅದೇ. ನಾಲ್ಕನೆಯದಕ್ಕೆ ಜನಾರ್ದನ ಪೆನ್ನು ಮುಚ್ಚಿ, ನಿಮ್ಮೂರಿನ ಗೆದ್ದಲಿಗೆ ಬಾಗಿಲ ನೆತ್ತಿ ಬಿಟ್ಟು ಬೇರೆ ರುಚಿಸಲ್ವಾ ಅಂತ ಕೇಳಿದ.

ಆಗ ಅವನು ಫೈಲಿನಿಂದ ಒಂದು ಜೆರಾಕ್ಸ್ ಪ್ರತಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದ. ಕಂಪನಿ ಸರ್ಕಾರಕ್ಕೆ ಬರೆದುಕೊಟ್ಟ ಹಳೇ ಕರಾರುಪತ್ರವಂತೆ. ಕೆಳಗೆ ಸುತ್ತಿಗೆಗೆ ಮಸಿ ಬಳಿದು ಒತ್ತಿದ ಉಂಗುರ, ತ್ರಿಶೂಲ. "ನೋಡಿ, ಎಪ್ಪತ್ತೆಂಟನೇ ಇಸವಿಗಿಂತ ಹಿಂದಿನ ಮನೆಗಳನ್ನ ಉಳಿಸಬೇಕು ಅಂತ ಆರ್ಡರ್ ಇದೆ. ಕಂಪನಿ ಕಟ್ಟಿಸಿದ ಮನೆ ಬಾಗಿಲಿಗೆಲ್ಲ ಈ ಮುದ್ರೆ ಇರುತ್ತೆ ಅಂತ ಇದರಲ್ಲಿ ಬರೆದಿದೆ. ನಿಮ್ಮ ಹತ್ರ ಇರೋ ದಾಖಲೆ ಅದೊಂದೇ. ಇದ್ರೆ ಇತ್ತು ಅನ್ನಿ" ಅಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಬೆನ್ನ ಹಿಂದೆ ರೇಂಜರು ಕೈ ಕಟ್ಟಿಕೊಂಡು ನಿಂತಿದ್ದರು. ಏಕಾಂತಪ್ಪ ಹೆಂಡತಿಯ ಕಿವಿಯಲ್ಲಿ, ಬಾಯಿ ಬಿಡಿಸೋಕೆ ನಾಟಕ ಇದು, ಉಸಿರೆತ್ತಬೇಡ ಅಂದ. ಎಲ್ಲರಿಗೂ ಹಾಗೇ ಅನ್ನಿಸಿರಬೇಕು. ಐದನೇ ಮನೆಯವನೂ ಇಲ್ಲ ಅಂದ. ಆರನೆಯವಳು ಸೆರಗು ಬಾಯಿಗಿಟ್ಟುಕೊಂಡು ಇಲ್ಲ ಅಂದಳು. ಏಳು, ಎಂಟು.

ಒಂಬತ್ತನೆಯದು ಸುಭದ್ರಮ್ಮನದ್ದು. ಈ ಮನುಷ್ಯ ಹೇಳುವುದು ಸುಳ್ಳಾದರೆ, ಬಾಯಿ ಬಿಟ್ಟರೆ ಕೆಟ್ಟೆವು. ನಿಜವಾದರೆ ಬಾಯಿ ಮುಚ್ಚಿಕೊಂಡೇ ಕೆಟ್ಟೆವು. ಯಾವುದು? ಜನಾರ್ದನ ಅವಳ ಜಗಲಿಯ ಮೇಲೆ ಫೈಲು ಬಿಚ್ಚಿಟ್ಟು ಪುಟ ತಿರುಗಿಸಿದ. ಏಳನೇ ಕ್ಲಾಸು ಓದಿದವಳು ಅವಳು, ಬಗ್ಗಿ ನೋಡಿದಳು. ಮನೆ ನಂಬರು, ಯಜಮಾನನ ಹೆಸರು, ಮುದ್ರೆ, ಷರಾ ಅಂತ ನಾಲ್ಕು ಕಾಲಂ. ಮುದ್ರೆಯ ಕೆಳಗೆ ಇಲ್ಲ, ಇಲ್ಲ, ಇಲ್ಲ ಅಂತ ಎಂಟು ಸಲ. ಪಕ್ಕದಲ್ಲಿ ತೆರವು, ತೆರವು, ತೆರವು ಅಂತ ಅದೂ ಎಂಟು ಸಲ. ಎಂಟು ಮನೆಯವರೂ ಆಗಲೇ ಬೀದಿಗೆ ಬಿದ್ದಾಗಿತ್ತು, ಇಲ್ಲ ಅನ್ನಲು ಹೇಳಿಕೊಟ್ಟವಳು ತಾನು. ಇತ್ತು ಅಂದರೆ ಮುಂದಿನ ಪ್ರಶ್ನೆ ಸುತ್ತಿಗೆ ಎಲ್ಲಿ ಅಂತ, ಅದು ಯಾರ ತಲೆಗೆ ಬರುತ್ತದೆ ಅನ್ನುವುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇತ್ತು ಸಾರ್" ಅಂದಳು. "ಎಲ್ಲಾರ ಮನೇಲೂ ಇತ್ತು. ಮೊನ್ನೆ ನಾವೇ ಕೆತ್ತಿ ಹಾಕಿದ್ವಿ."

"ಯಾಕಮ್ಮ?"

"ಹೆದರಿಕೆಗೆ."

ಜನಾರ್ದನ ಗುಂಡಿಗೆ ಬೆರಳು ಹಾಕಿ ನೋಡಿದ. ಬರೀ ಗುಂಡಿ ತೋರಿಸಿ ಇತ್ತು ಅಂತ ಬರೆದರೆ ಮೇಲಿನವರು ಒಪ್ಪುವುದಿಲ್ಲ, ಹೊಡೆದ ಸುತ್ತಿಗೆಯಾದರೂ ಇದ್ದಿದ್ದರೆ ಅಂತ ಅನ್ನಲು ಹೊರಟವನು, ಹಿಂದೆ ರೇಂಜರ ಬೂಟಿನ ಸದ್ದು ಕೇಳಿ ಅರ್ಧಕ್ಕೇ ನಿಲ್ಲಿಸಿದ. ಆದರೆ ಮಾತು ಬಿದ್ದುಹೋಗಿತ್ತು. ಕಂಪನಿಯವರೇ ಆವತ್ತು ಅದನ್ನ ತಗೊಂಡು ಹೋದ್ರು ಅಂತ ಏಕಾಂತಪ್ಪ ಗಡಿಬಿಡಿಯಲ್ಲಿ ಎರಡು ಸಲ ಹೇಳಿದ. ಸುಭದ್ರಮ್ಮ ಗಂಡನ ಕಡೆ ನೋಡಲಿಲ್ಲ. ನೋಡಿದರೆ ಕಾಲು ಏಳುವುದಿಲ್ಲ ಅಂತ ಗೊತ್ತಿತ್ತು. ಹಿತ್ತಲಿಗೆ ಹೋದಳು. ತಿಪ್ಪೆಯೊಳಗೆ ಕೈ ಹಾಕಿದರೆ ಒಂದು ಕ್ಷಣ ಸಿಗಲೇ ಇಲ್ಲ. ಸಿಗದಿರಲಿ ಅಂತಲೂ ಬೇಡಿಕೊಂಡಳು, ಸುಳ್ಳೇಕೆ ಹೇಳಬೇಕು. ಸಿಕ್ಕಿತು. ಬಕೆಟ್ಟಿನ ನೀರಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದಳು.

ಸೌದೆ ರಾಶಿಯಿಂದ ಒಂದು ತುಂಡು ತಂದಿಟ್ಟು ಅವಳೇ ಹೊಡೆಯಬೇಕಾಯಿತು. ಮೊದಲನೇ ಏಟು ಓರೆಯಾಗಿ ಬಿತ್ತು. ಎರಡನೆಯದು ಸರಿಯಾಗಿ ಕೂತಿತು. ಜನಾರ್ದನ ಮೊಣಕಾಲೂರಿ ಜೆರಾಕ್ಸನ್ನು ಪಕ್ಕದಲ್ಲಿ ಹಿಡಿದ. ತ್ರಿಶೂಲದ ಎಡಗಡೆಯ ಮೊನೆ ಒಂಚೂರು ಮುರಿದಿತ್ತು, ಕಾಗದದಲ್ಲೂ ಮುರಿದಿತ್ತು. ಅವನು ಪೆನ್ನು ತೆಗೆದು ಮೊದಲಿನ ಎಂಟು ಸಾಲಿನ ಮೇಲೂ ನಿಧಾನಕ್ಕೆ ಅಡ್ಡಗೆರೆ ಎಳೆದ. ಮತ್ತೆ ಒಂದನೇ ಮನೆಯಿಂದ ಬರ್ತೀನಿ, ಈ ಸಲ ನಿಜ ಹೇಳಿ ಅಂದು ಎದ್ದ.

ರೇಂಜರು ಸುತ್ತಿಗೆಯನ್ನು ಕೈಯಲ್ಲಿ ಹಿಡಿದು ಅದರ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದರು. "ಕಂಪನಿ ಮುಚ್ಚಿದ ಮೇಲೆ ಇದರಲ್ಲಿ ಹೊಡೆದಿದ್ದೀರೇನಮ್ಮ?"

ಇಲ್ಲ ಅನ್ನಬಹುದಿತ್ತು. ಅನ್ನು ಅನ್ನು ಅಂತ ಗಂಡನ ಕಣ್ಣು ಬೇಡುತ್ತಿತ್ತು. ಆದರೆ ಐದು ಬಾಗಿಲಿನ ಮರ ಹೊಸದು, ನಾಳೆ ಯಾರಾದರೂ ಅದನ್ನೇ ಹಿಡಿದು ಎಲ್ಲವೂ ಸುಳ್ಳು ಅಂದುಬಿಟ್ಟರೆ? "ಐದು ಬಾಗಿಲಿಗೆ ಹೊಡೆದಿದ್ದೀನಿ" ಅಂದಳು. "ಮನೆ ಹಳೇದೇ, ಬಾಗಿಲು ಮಾತ್ರ ಬದಲಿಸಿದ್ದು. ಮರ ಕೊಂಡಿದ್ದು, ರಸೀದಿ ಇದೆ. ನಮ್ಮಲ್ಲಿ ಹಾಗೆ ಮಾಡೋ ಪದ್ಧತಿ ಸ್ವಾಮಿ."

ರೇಂಜರು ಕೆಟ್ಟವರೇನಲ್ಲ. ಒಂದು ಸಲ ಉಸಿರು ಬಿಟ್ಟು, ಪದ್ಧತಿ ಅಂತ ಬರೆಯಲು ನನ್ನ ಫಾರಂನಲ್ಲಿ ಜಾಗ ಇಲ್ಲಮ್ಮ, ನಾನು ಬಿಟ್ಟರೆ ನನ್ನ ಮೇಲೆ ಬರುತ್ತೆ, ನೀವು ಭದ್ರಾವತಿಯ ಆಫೀಸಿಗೆ ಬರಬೇಕಾಗುತ್ತೆ ಅಂದರು. ಯಾವಾಗ ವಾಪಸು ಅಂತ ಏಕಾಂತಪ್ಪ ಕೇಳಿದ. ನೀವು ಹಿಂದಿನಿಂದ ಬಸ್ಸಿನಲ್ಲಿ ಬನ್ನಿ ಅಂತಷ್ಟೇ ರೇಂಜರು ಅಂದರು. ಏಕಾಂತಪ್ಪ ಅಂಗಿ ಹುಡುಕುತ್ತಾ ಒಳಗೆ ಹೋದ. ಗೂಟದಲ್ಲೇ ಇದ್ದ ಅಂಗಿ ಅವನಿಗೆ ಕಾಣಿಸಲಿಲ್ಲ, ಟ್ರಂಕು ತೆಗೆದು ಎಲ್ಲ ಹೊರಗೆ ಹಾಕತೊಡಗಿದ.

ಒಲೆ ಮೇಲೆ ಅನ್ನಕ್ಕಿಟ್ಟಿದ್ದೀನಿ, ಇಳಿಸಿ ಬರ್ತೀನಿ ಅಂತ ಸುಭದ್ರಮ್ಮ ಕೇಳಿಕೊಂಡಳು. ಗಂಜಿ ಬಸಿಯುವಾಗ ಅರ್ಧ ಗಂಜಿ ನೆಲಕ್ಕೆ ಹೋಯಿತು. ಒರೆಸಲು ಬಗ್ಗಿದವಳು ಬಿಟ್ಟು ಎದ್ದಳು. ಗಂಡನಿಗೆ ಗೂಟದ ಅಂಗಿ ತೋರಿಸಿ, ತಟ್ಟೆ ಮುಚ್ಚಿಟ್ಟಿದ್ದೀನಿ, ಉಂಡುಕೊಂಡು ಹೊರಡಿ ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

ಜೀಪಿನಲ್ಲಿ ಅವಳು ಯಾವತ್ತೂ ಕೂತವಳಲ್ಲ. ಎಲ್ಲಿ ಕಾಲಿಡಬೇಕು ಅಂತ ತಿಳಿಯದೆ ನಿಂತಾಗ ಗಾರ್ಡು ಕೈ ಕೊಟ್ಟ. ಹಿಂದಿನ ಸೀಟು ಬಿಸಿಲಿಗೆ ಕಾದಿತ್ತು. ಮಡಿಲಲ್ಲಿ ಎರಡೂ ಕೈ ಒತ್ತಿ ಹಿಡಿದು ಕೂತಳು. ಒಂದನೇ ಮನೆಯ ಕಡೆಯಿಂದ ಜನಾರ್ದನನ ಪ್ರಶ್ನೆ ಕೇಳಿಸಿತು. ಆಮೇಲೆ, ಇತ್ತು ಸ್ವಾಮಿ, ಅಂತ ಒಂದು ಸಣ್ಣ ಸ್ವರ. ಎರಡನೇ ಬಾಗಿಲಿನಿಂದ, ಇತ್ತು. ಮೂರನೆಯದರಿಂದ ಹೆಂಗಸೊಬ್ಬಳು, ಇತ್ತು, ನಮ್ಮದೂ ಇತ್ತು. ಸುಭದ್ರಮ್ಮ ಬೆರಳು ಮಡಿಚಿ ಎಣಿಸತೊಡಗಿದಳು. ಆರನೆಯದಕ್ಕೆ ಕಿವಿ ಕೊಟ್ಟು ಕೂತಿದ್ದಾಗ ಡ್ರೈವರು ಬಂದು ಹತ್ತಿ ಇಂಜಿನು ಹಾಕಿದ.